ಅಲ್ಪ್ರಜೋಲಂ 0.5, ಡಯಾಜೆಪಾಮ್ 10: ಡೋಸ್ ಲೆಕ್ಕ ಎಲ್ಲಿ ತಪ್ಪುತ್ತದೆ

ಅಲ್ಪ್ರಜೋಲಂ, ಡಯಾಜೆಪಾಮ್, ಲೋರಾಜೆಪಾಮ್, ಕ್ಲೊನಾಜೆಪಾಮ್ ಎಲ್ಲವೂ ಆತಂಕ ಇಳಿಸುವ ಒಂದೇ ಗುಂಪಿನ ಗುಳಿಗೆಗಳು. ಕಲಬುರಗಿಯಲ್ಲಿ ಸೈಕಿಯಾಟ್ರಿ ಪೋಸ್ಟಿಂಗ್‌ಗೆ ಬರುವ ಜೂನಿಯರ್‌ಗಳಿಗೆ ಇವುಗಳ ಡೋಸ್ ಬಗ್ಗೆ ಈ ಟಿಪ್ಪಣಿ. ಇವು ಮಿದುಳಿನಲ್ಲಿ ಕೆಲಸ ಮಾಡುವ ಗಾಬಾ ರಿಸೆಪ್ಟರ್ ಕಥೆ ಫಾರ್ಮಕಾಲಜಿಯಲ್ಲಿ ಓದಿಯೇ ಇರುತ್ತೀರಿ, ಬಿಟ್ಟೆ.

ಆತಂಕಕ್ಕೆ ಅಲ್ಪ್ರಜೋಲಂ ಶುರುವಿನ ಡೋಸ್ 0.25ರಿಂದ 0.5 ಮಿ.ಗ್ರಾಂ, ದಿನಕ್ಕೆ ಮೂರು ಸಲ. ಗರಿಷ್ಠ ದಿನಕ್ಕೆ 4 ಮಿ.ಗ್ರಾಂ. ವಯಸ್ಸಾದವರಿಗೆ 0.25, ಎರಡು ಇಲ್ಲವೇ ಮೂರು ಸಲ. ಲಿವರ್ ಕೆಟ್ಟವರಿಗೆ ಲೋರಾಜೆಪಾಮ್ ವಾಸಿ. ಸಾಮಾನ್ಯವಾಗಿ 2ರಿಂದ 4 ವಾರಕ್ಕಿಂತ ಹೆಚ್ಚು ಎಳೆಯಬಾರದು.

ಈಗ ಎಲ್ಲರೂ ಎಡವುವ ಜಾಗ. "ಗುಳಿಗಿ ಬಿಟ್ರ ಎದಿ ಧಡಧಡ ಹೊಡ್ಕೋತದ್ರಿ" ಅಂತ ಒಬ್ಬರು ಬರ್ತಾರೆ. ವರ್ಷಗಟ್ಟಲೆ ಅಲ್ಪ್ರಜೋಲಂ 0.5, ದಿನಕ್ಕೆ ಮೂರು. ಒಟ್ಟು 1.5 ಮಿ.ಗ್ರಾಂ. ಇದರ ಅರ್ಧಾಯುಷ್ಯ (ರಕ್ತದಲ್ಲಿ ಔಷಧ ಅರ್ಧಕ್ಕಿಳಿಯುವ ಸಮಯ) ಸುಮಾರು 11 ಗಂಟೆ. ಮುಂದಿನ ಗುಳಿಗೆಗೆ ಮೊದಲೇ ಇಳಿದು ಕಾಡುತ್ತದೆ. ಅದಕ್ಕೇ ನಿಧಾನ ಇಳಿಯುವ ಡಯಾಜೆಪಾಮ್‌ಗೆ ಬದಲಿಸಬಹುದು. ಎಷ್ಟು ಕೊಡೋದು? 1.5 ಮಿ.ಗ್ರಾಂ ಅಲ್ಲ! ಗುಂಟೂರು ಮೆಣಸಿನಕಾಯಿ ಹಾಕುವ ಅಳತೆಯಲ್ಲೇ ಬ್ಯಾಡಗಿ ಹಾಕುತ್ತೀರಾ? ಮಿಲಿಗ್ರಾಂ ತೂಕ ಹೇಳುತ್ತದೆ, ಖಾರ ಹೇಳೋದಿಲ್ಲ.

ಒಂದೇ ಪರಿಣಾಮಕ್ಕೆ ಯಾವುದು ಎಷ್ಟು ಮಿ.ಗ್ರಾಂ ಅಂತ ನಾನು ಗಟ್ಟಿ ಮಾಡಿಕೊಂಡ ಸಾಲು: ಡಯಾಜೆಪಾಮ್ 10 = ಲೋರಾಜೆಪಾಮ್ 1 = ಅಲ್ಪ್ರಜೋಲಂ 0.5 = ಕ್ಲೊನಾಜೆಪಾಮ್ 0.5. ಅಂದರೆ ಅಲ್ಪ್ರಜೋಲಂ ಅಂಕಿಗೆ 20ರ ಗುಣಾಕಾರ: 1.5 × 20 = 30 ಮಿ.ಗ್ರಾಂ. ಆದರೆ ಕೆಲವು ಕೋಷ್ಟಕಗಳಲ್ಲಿ ಅಲ್ಪ್ರಜೋಲಂ 1ಕ್ಕೆ ಡಯಾಜೆಪಾಮ್ 10 ಅಂತಿದೆ. ಆ ಲೆಕ್ಕಕ್ಕೆ ಬರೀ 15! ಎರಡೂ ಅಂದಾಜೇ. ಹಾಗಾಗಿ ಒಂದೇ ದಿನ ಪೂರ್ತಿ ಬದಲಿಸದೆ ರಾತ್ರಿಯ ಗುಳಿಗೆಯಿಂದ ಶುರುಮಾಡಿ, ತೂಕಡಿಕೆ ನೋಡುತ್ತಾ ಒಂದೊಂದೇ ಬದಲಿಸೋದು. ಆಮೇಲೆ 2ರಿಂದ 4 ವಾರಕ್ಕೊಮ್ಮೆ ಶೇ 5ರಿಂದ 10 ಇಳಿಸೋದು. ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು.

ನಮ್ಮ ಕಡೆ ಹಿಸ್ಟರಿಯಲ್ಲಿ ಕೇಳಲೇಬೇಕಾದ್ದು: "ಸೇಂದಿ ಕುಡೀತೀರೇನ್ರಿ?" ಗಡಿಯಾಚೆ ತೆಲಂಗಾಣದಲ್ಲಿ ಸೇಂದಿಗೆ ಅಲ್ಪ್ರಜೋಲಂ, ಡಯಾಜೆಪಾಮ್ ಬೆರೆಸಿದ್ದು ಪತ್ತೆಯಾಗಿದೆ. ಸೇಡಂ, ಬೀದರ್ ಕಡೆಯವರು ಅಲ್ಲಿಗೆ ಹೋಗಿಬರೋದು ಇದ್ದದ್ದೇ. ಕುಡಿಯುವವರಾದರೆ ಚೀಟಿಯಲ್ಲಿ ಕಾಣದ ಡೋಸ್ ಇನ್ನೊಂದಿರಬಹುದು. ಮದ್ಯ, ಟ್ರಮಡಾಲ್ (ನೋವಿನ ಔಷಧ) ಜೊತೆಗೆ ಸೇರಿದರೆ ಉಸಿರಾಟಕ್ಕೇ ಕುತ್ತು.

ಅಲ್ಪ್ರಜೋಲಂ ಶೆಡ್ಯೂಲ್ ಎಚ್1ರಲ್ಲಿದೆ, ಅಂದರೆ ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಗಳ ಪಟ್ಟಿಯಲ್ಲಿ. ಅಂಗಡಿಯವರು ರೋಗಿಯ ಹೆಸರು, ಬರೆದವರ ಹೆಸರು, ಎಷ್ಟು ಕೊಟ್ಟರು ಅನ್ನೋದನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಡಬೇಕು. ಚೀಟಿಯಲ್ಲಿ ".5" ಬರೆಯಬೇಡಿ, ಚುಕ್ಕೆ ಅಳಿಸಿದರೆ 5 ಆಗುತ್ತದೆ, ಮುಂದೆ ಸೊನ್ನೆ ಹಾಕಿ "0.5" ಅಂತಲೇ ಬರೆಯಿರಿ.