ಮೊಟ್ಟೆಯಲ್ಲಿ ವೈರಸ್ ಸಾಕುವ ಹಳೆ ವಿದ್ಯೆ ಇನ್ನೂ ಯಾಕೆ ಹೋಗಿಲ್ಲ?

ಬ್ಯಾಕ್ಟೀರಿಯಾ ಬೆಳೆಸುವುದು ಅಂಥ ಕಷ್ಟವೇನಲ್ಲ. ಗಾಜಿನ ತಟ್ಟೆಯಲ್ಲಿ ಅಗರ್ ಎಂಬ ಪೌಷ್ಟಿಕ ಜೆಲ್ಲಿ ಹಾಕಿ ಬೆಚ್ಚಗಿಟ್ಟರೆ ಎಷ್ಟೋ ಜಾತಿಗಳು ಮರುದಿನಕ್ಕೆ ಬೆಳೆದಿರುತ್ತವೆ. ವೈರಸ್ ಹಾಗೆ ಬಗ್ಗುವುದಿಲ್ಲ, ಅದಕ್ಕೆ ಜೀವಂತ ಕೋಶವೇ ಬೇಕು. ಹಾಗಾಗಿ ನೂರು ವರ್ಷದ ಹಿಂದೆ ಪ್ರಾಣಿಗಳೇ ಗತಿ. ನಮ್ಮ ಬೆಳಗಾವಿಯ ವ್ಯಾಕ್ಸಿನ್ ಡಿಪೋದಲ್ಲಿ ಸಿಡುಬಿನ ಲಸಿಕೆ ತಯಾರಾಗುತ್ತಿದ್ದದ್ದು ಕರುಗಳ ಚರ್ಮದ ಮೇಲೆ. ರೇಬೀಸ್ ಲಸಿಕೆಗೆ ಕುರಿಯ ಮಿದುಳು. ಪ್ರಾಣಿಗೆ ಮೇವು ಬೇಕು, ಜಾಗ ಬೇಕು, ಮೇಲಾಗಿ ಅದರ ಮೈಯಲ್ಲಿ ಮೊದಲೇ ಯಾವ ರೋಗ ಕೂತಿದೆಯೋ ಯಾರಿಗೆ ಗೊತ್ತು?

1931ರಲ್ಲಿ ಅಮೆರಿಕದ ನ್ಯಾಶ್‌ವಿಲ್‌ನಲ್ಲಿರುವ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಆಲಿಸ್ ವುಡ್‌ರಫ್ ಮತ್ತು ಅರ್ನೆಸ್ಟ್ ಗುಡ್‌ಪಾಶ್ಚರ್ ಕೋಳಿ ಸಿಡುಬಿನ ವೈರಸ್ಸನ್ನು ಮೊಟ್ಟೆಯಲ್ಲಿ ಬೆಳೆಸಿ ತೋರಿಸಿದರು. ಚಿಪ್ಪಿನಲ್ಲಿ ಪುಟ್ಟ ಕಿಟಕಿ ಕೊರೆದು, ಮರಿಯ ಸುತ್ತಲಿನ ಪೊರೆಗೆ ವೈರಸ್ ತಾಗಿಸಿ, ಮತ್ತೆ ಮುಚ್ಚಿಟ್ಟರು. 1911ರಲ್ಲೇ ರೌಸ್ ಮತ್ತು ಮರ್ಫಿ ವೈರಸ್ಸಿನಿಂದಾಗುವ ಕೋಳಿಯ ಕ್ಯಾನ್ಸರ್ ಗಡ್ಡೆಯನ್ನು ಮೊಟ್ಟೆಯಲ್ಲಿ ಬೆಳೆಸಿದ್ದರು, ನಿಜ. ಆದರೆ ಇದನ್ನು ಎಲ್ಲರೂ ಬಳಸುವ ವಿಧಾನವಾಗಿ ಮಾಡಿದ್ದು ನ್ಯಾಶ್‌ವಿಲ್‌ನ ಈ ಕೆಲಸ.

ಆಮೇಲೆ ಎಲ್ಲ ಬೇಗ ಬೇಗ ನಡೆಯಿತು. 1933ರಲ್ಲಿ ಲಂಡನ್‌ನಲ್ಲಿ ಫೆರೆಟ್ ಎಂಬ ಪ್ರಾಣಿಗಳ ಮೂಲಕ ಸಿಕ್ಕಿದ್ದ ಮನುಷ್ಯರ ಫ್ಲೂ ವೈರಸ್ ಕೆಲವೇ ವರ್ಷಗಳಲ್ಲಿ ಮೊಟ್ಟೆಗೆ ಬಂತು. ಮೆಲ್ಬರ್ನ್‌ನ ಮ್ಯಾಕ್‌ಫರ್ಲೇನ್ ಬರ್ನೆಟ್ ಈ ವಿದ್ಯೆಯನ್ನು ಹದಗೊಳಿಸಿದರು. ಮ್ಯಾಕ್ಸ್ ಥೈಲರ್ ಹಳದಿ ಜ್ವರದ 17ಡಿ ಲಸಿಕೆ ಕಂಡುಹಿಡಿದರು. ಆಫ್ರಿಕಾಕ್ಕೆ ಹೋಗುವ ಮುಂಚೆ ನಮ್ಮವರು ಹಾಕಿಸಿಕೊಳ್ಳುವುದು ಈಗಲೂ ಅದನ್ನೇ, ಅದೂ ಮೊಟ್ಟೆಯದ್ದೇ. 1941ರಲ್ಲಿ ಜಾರ್ಜ್ ಹರ್ಸ್ಟ್ ಸೋಂಕಿನ ಮೊಟ್ಟೆಯಿಂದ ದ್ರವ ತೆಗೆಯುವಾಗ ಮರಿಯ ರಕ್ತನಾಳ ಹರಿದು ರಕ್ತ ಬೆರೆಯಿತು. ಬೇರೆ ಯಾರಾದರೂ ಆಗಿದ್ದರೆ ಹಾಳಾಯಿತು ಅಂತ ಚೆಲ್ಲುತ್ತಿದ್ದರೇನೋ. ಹರ್ಸ್ಟ್ ನೋಡುತ್ತಾರೆ, ಕೆಂಪು ರಕ್ತಕಣಗಳು ವೈರಸ್ಸಿನಿಂದಾಗಿ ಗಂಟುಗಂಟಾಗಿವೆ! ದ್ರವದಲ್ಲಿ ಫ್ಲೂ ವೈರಸ್ ಎಷ್ಟಿದೆ ಎಂದು ಅಳೆಯಲು ಸುಲಭದ ಪರೀಕ್ಷೆ ಸಿಕ್ಕಿದ್ದು ಹೀಗೆ.

ಕೆಲಸ ನಡೆಯುವ ರೀತಿ ಇಂದಿಗೂ ಹೆಚ್ಚುಕಡಿಮೆ ಅದೇ. ಅಂಗಡಿಯ ಫಾರಂ ಮೊಟ್ಟೆ ಆಗುವುದಿಲ್ಲ, ಅದರಲ್ಲಿ ಮರಿ ಕಟ್ಟುವುದೇ ಇಲ್ಲವಲ್ಲ. ಹುಂಜದ ಜೊತೆ ಬಿಟ್ಟ ಕೋಳಿಯ ಮೊಟ್ಟೆಯೇ ಬೇಕು. ಒಂಬತ್ತರಿಂದ ಹನ್ನೊಂದು ದಿನ ಕಾವು ಕೊಟ್ಟ ಮೊಟ್ಟೆಯನ್ನು ಕತ್ತಲೆಯಲ್ಲಿ ದೀಪಕ್ಕೆ ಹಿಡಿಯುತ್ತಾರೆ. ಹಳ್ಳಿಯಲ್ಲಿ ಮರಿ ಕಟ್ಟಿದೆಯೋ ಇಲ್ಲವೋ ಅಂತ ನೋಡುವುದೂ ಹೀಗೇ. ಒಳಗೆ ಕೆಂಪು ನರಗಳು, ಮಿಸುಕಾಡುವ ಒಂದು ಕಪ್ಪು ಚುಕ್ಕೆ ಕಾಣುತ್ತವೆ. ಅಗಲ ತುದಿಯಲ್ಲಿ ಗಾಳಿ ತುಂಬಿದ ಜಾಗವಿದೆ, ಅದರ ಅಂಚಿಗೆ ಪೆನ್ಸಿಲ್ ಗುರುತು. ಸ್ಪಿರಿಟ್‌ನಿಂದ ಒರೆಸಿ, ಸಣ್ಣ ತೂತು ಮಾಡಿ, ಸೂಜಿಯಲ್ಲಿ 0.1 ಅಥವಾ 0.2 ಮಿಲಿ ವೈರಸ್ ಬಿಟ್ಟು, ಮೇಣದಿಂದ ಮುಚ್ಚುತ್ತಾರೆ. ಎರಡು ಮೂರು ದಿನ ಮತ್ತೆ ಕಾವು. ಕೊನೆಗೆ ರಾತ್ರಿಯಿಡೀ ಫ್ರಿಜ್‌ನಲ್ಲಿ. ಮರಿ ಸಾಯುತ್ತದೆ, ರಕ್ತನಾಳ ಕುಗ್ಗುತ್ತವೆ, ವೈರಸ್ ತುಂಬಿದ ದ್ರವ ತಿಳಿಯಾಗಿ ಸಿಗುತ್ತದೆ. ಕಾರ್ಖಾನೆಯಲ್ಲಿ ಇದನ್ನೆಲ್ಲ ಯಂತ್ರ ಮಾಡುತ್ತದೆ, ಅಷ್ಟೇ ವ್ಯತ್ಯಾಸ.

1949ರಲ್ಲಿ ಎಂಡರ್ಸ್, ವೆಲ್ಲರ್, ರಾಬಿನ್ಸ್ ಎಂಬ ಮೂವರು ಪೋಲಿಯೊ ವೈರಸ್ಸನ್ನು ಗಾಜಿನ ಪಾತ್ರೆಯಲ್ಲಿ ಸಾಕಿದ ಕೋಶಗಳಲ್ಲಿ ಬೆಳೆಸಿದಾಗ ಮೊಟ್ಟೆಯ ಕಾಲ ಮುಗಿಯಬೇಕಿತ್ತು. ಮುಗಿಯಲಿಲ್ಲ. ಎಷ್ಟೋ ಲಸಿಕೆಗೆ ಪಾತ್ರೆಗೆ ಹಾಕುವ ಕೋಶಗಳೇ ಕೋಳಿ ಭ್ರೂಣದಿಂದ ಬಂದವು! ನಾಯಿ ಕಚ್ಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಚುಚ್ಚುತ್ತಿದ್ದ ಕುರಿ ಮಿದುಳಿನ ಲಸಿಕೆ ಭಾರತದಲ್ಲಿ 2005ರ ಹೊತ್ತಿಗೆ ನಿಂತಿತು. ಅದರ ಜಾಗಕ್ಕೆ ಬಂದವುಗಳಲ್ಲಿ ರೇಬಿಪುರ್ ಕೋಳಿ ಭ್ರೂಣದ ಕೋಶದಲ್ಲಿ ಬೆಳೆಸಿದ್ದು. ಮಲೆನಾಡಿನ ಮಂಗನ ಕಾಯಿಲೆಗೆ ಬೆಂಗಳೂರಿನ ಹೆಬ್ಬಾಳದಲ್ಲಿ ತಯಾರಿಸುತ್ತಿದ್ದ ಲಸಿಕೆಯೂ ಅಷ್ಟೇ.

ಫ್ಲೂ ಮಾತ್ರ ಇಡೀ ಮೊಟ್ಟೆಗೇ ಅಂಟಿಕೊಂಡಿತು. ಮೊಟ್ಟೆಯಲ್ಲಿ ಅದು ಹುಲುಸಾಗಿ ಬೆಳೆಯುತ್ತದೆ, ಖರ್ಚೂ ಕಡಿಮೆ. ಆದರೆ ನನಗನ್ನಿಸುವ ದೊಡ್ಡ ಕಾರಣ ಬೇರೆ: ಕಾರ್ಖಾನೆ, ಪರವಾನಗಿ, ಕೋಳಿ ಫಾರಂ ಎಲ್ಲ ಮೊಟ್ಟೆಯ ಸುತ್ತಲೇ ಕಟ್ಟಿಕೊಂಡಿವೆ. 1957ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಹೊಸ ಫ್ಲೂ ಎದ್ದ ಸುದ್ದಿ ಓದಿದ ಲಸಿಕೆ ವಿಜ್ಞಾನಿ ಮಾರಿಸ್ ಹಿಲ್ಲೆಮನ್ ಅಮೆರಿಕದ ಲಸಿಕೆ ಕಂಪನಿಗಳಿಗೆ ಹೇಳಿ ಕಳಿಸಿದ್ದು ಏನು ಗೊತ್ತಾ? ಸೀಸನ್ ಮುಗಿಯಿತೆಂದು ರೈತರು ಹುಂಜಗಳನ್ನು ಕೊಯ್ಯದಂತೆ ನೋಡಿಕೊಳ್ಳಿ ಅಂತ. ಹುಂಜ ಇಲ್ಲದಿದ್ದರೆ ಮರಿ ಕಟ್ಟುವ ಮೊಟ್ಟೆ ಇಲ್ಲ, ಮೊಟ್ಟೆ ಇಲ್ಲದಿದ್ದರೆ ಲಸಿಕೆ ಇಲ್ಲ.

ಈ ನಂಟಿಗೆ ಬೆಲೆಯೂ ಇದೆ. ಒಂದು ಡೋಸಿಗೆ ಸುಮಾರು ಒಂದು ಮೊಟ್ಟೆ ಬೇಕು, ತಯಾರಿಗೆ ಆರು ತಿಂಗಳಾಗುತ್ತದೆ. ಅದಕ್ಕೇ ಉತ್ತರ ಗೋಳಾರ್ಧದ ಚಳಿಗಾಲಕ್ಕೆ ಯಾವ ಫ್ಲೂ ವೈರಸ್ ತಳಿಯ ಲಸಿಕೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಫೆಬ್ರವರಿಯಲ್ಲೇ ಹೇಳಬೇಕು. 2009ರ ಹಂದಿಜ್ವರದ ವೈರಸ್ ಮೊದಮೊದಲು ಮೊಟ್ಟೆಯಲ್ಲಿ ಸರಿಯಾಗಿ ಬೆಳೆಯಲಿಲ್ಲ, ಲಸಿಕೆ ತಡವಾಯಿತು. ಎಚ್5ಎನ್1 ಹಕ್ಕಿಜ್ವರದ ವೈರಸ್ ಅಂತೂ ಮರಿಯನ್ನೇ ಕೊಂದುಹಾಕುತ್ತದೆ, ಅದನ್ನು ಪ್ರಯೋಗಾಲಯದಲ್ಲಿ ತಿದ್ದಿಯೇ ಬಳಸಬೇಕು. ಇನ್ನೂ ಸೂಕ್ಷ್ಮವಾದ ತೊಂದರೆ ಎಚ್3ಎನ್2 ಎಂಬ ಫ್ಲೂ ತಳಿಯದ್ದು. ಕೋಳಿಯ ಕೋಶಕ್ಕೆ ಒಗ್ಗಿಕೊಳ್ಳುತ್ತಾ ಅದರ ಮೇಲ್ಮೈ ಸ್ವಲ್ಪ ಬದಲಾಗುತ್ತದೆ. ಆಮೇಲೆ ಲಸಿಕೆ ನಮ್ಮ ದೇಹಕ್ಕೆ ಕಲಿಸುವುದು ಒಂದು ವೈರಸ್ಸನ್ನು, ಊರಲ್ಲಿ ಓಡಾಡುವುದು ಇನ್ನೊಂದು.

ಅಮೆರಿಕದಲ್ಲಿ 2012ರಲ್ಲಿ ಸಸ್ತನಿ ಕೋಶದಲ್ಲಿ ಬೆಳೆಸಿದ ಫ್ಲೂ ಲಸಿಕೆಗೆ, 2013ರಲ್ಲಿ ಫ್ಲೂ ವೈರಸ್ ಬೆಳೆಸುವ ಗೊಡವೆಯೇ ಇಲ್ಲದ ಇನ್ನೊಂದಕ್ಕೆ ಒಪ್ಪಿಗೆ ಸಿಕ್ಕಿತು. ಎರಡೂ ಮಾರುಕಟ್ಟೆಯಲ್ಲಿವೆ. ಆದರೂ ಜಗತ್ತಿನ ಫ್ಲೂ ಲಸಿಕೆಯಲ್ಲಿ ಬಹುಪಾಲು ಇನ್ನೂ ಮೊಟ್ಟೆಯದ್ದೇ.