ಬೇರೆ ಬೇರೆ ಆವೃತ್ತಿಗಳವರು ಒಂದೇ ಆಕ್ಸೆಸ್ ಡೇಟಾಬೇಸ್ ಬಳಸುವಾಗ

ಒಬ್ಬರ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್‌ನ ಡೇಟಾಬೇಸ್ ತಂತ್ರಾಂಶ ಆಕ್ಸೆಸ್ 2010, ಇನ್ನೊಬ್ಬರದರಲ್ಲಿ 2016. ಇಬ್ಬರೂ ಸರ್ವರ್‌ನಲ್ಲಿರುವ ಒಂದೇ ಫೈಲನ್ನು ತೆರೆದರೆ ತಕರಾರು ಬರುವುದು ಹೆಚ್ಚಾಗಿ ಟೇಬಲ್‌ಗಳಿಂದಲ್ಲ, ಫಾರಂ ಮತ್ತು ವಿಬಿಎ (ಆಫೀಸ್‌ನೊಳಗಿನ ಪ್ರೋಗ್ರಾಮಿಂಗ್ ಭಾಷೆ) ಕೋಡ್‌ನಿಂದ. ಆದ್ದರಿಂದ ಡೇಟಾವನ್ನು ಮೊದಲು ಬೇರೆ ಮಾಡಬೇಕು.

ಬ್ಯಾಕಪ್ ತೆಗೆದಿಟ್ಟು, 'ಡೇಟಾಬೇಸ್ ಟೂಲ್ಸ್' ಟ್ಯಾಬ್‌ನ 'ಮೂವ್ ಡೇಟಾ' ಗುಂಪಿನಲ್ಲಿ 'ಆಕ್ಸೆಸ್ ಡೇಟಾಬೇಸ್' ಒತ್ತಿ. ಟೇಬಲ್‌ಗಳೆಲ್ಲ ಬ್ಯಾಕ್‌ಎಂಡ್ ಎಂಬ ಬೇರೆ ಫೈಲಿಗೆ ಹೋಗುತ್ತವೆ. ಕ್ವೆರಿ, ಫಾರಂ, ರಿಪೋರ್ಟ್, ಕೋಡ್ ಮಾತ್ರ ಬಳಸುವವರು ತೆರೆಯುವ ಫೈಲಿನಲ್ಲಿ, ಅಂದರೆ ಫ್ರಂಟ್‌ಎಂಡ್‌ನಲ್ಲಿ ಉಳಿಯುತ್ತವೆ. ಉಳಿಸುವ ಜಾಗ ಕೇಳಿದಾಗ ಡ್ರೈವ್ ಅಕ್ಷರ ಬೇಡ, \\ಸರ್ವರ್\ಫೋಲ್ಡರ್ ಮಾದರಿಯ ಪೂರ್ಣ ವಿಳಾಸ ಕೊಡಿ. ಒಬ್ಬರ ಝಡ್ ಡ್ರೈವ್ ಇನ್ನೊಬ್ಬರಲ್ಲಿ ಇಲ್ಲದಿದ್ದರೆ ಲಿಂಕ್ ಮುರಿಯುತ್ತದೆ. ಬ್ಯಾಕ್‌ಎಂಡ್ ಇರುವ ಫೋಲ್ಡರ್‌ನಲ್ಲಿ ಎಲ್ಲರಿಗೂ ಓದುವ, ಬರೆಯುವ ಅನುಮತಿಯ ಜೊತೆಗೆ ಫೈಲ್ ಸೃಷ್ಟಿಸುವ, ಅಳಿಸುವ ಅನುಮತಿಯೂ ಬೇಕು; ಯಾರು ಡೇಟಾಬೇಸ್ ತೆರೆದಿದ್ದಾರೆ ಎಂದು ದಾಖಲಿಸುವ .ಎಲ್‌ಎಸಿಸಿಡಿಬಿ ಲಾಕ್ ಫೈಲ್ ಹುಟ್ಟಿ ಅಳಿಯುವುದು ಅಲ್ಲೇ. ಫ್ರಂಟ್‌ಎಂಡ್ ಮಾತ್ರ ಪ್ರತಿಯೊಬ್ಬರ ಕಂಪ್ಯೂಟರಿನಲ್ಲೂ ಸ್ವಂತ ಪ್ರತಿಯಾಗಿರಲಿ. ಅದನ್ನೂ ಹಂಚಿಕೊಂಡರೆ ಬೇರ್ಪಡಿಸಿದ್ದು ದಂಡ.

ಬ್ಯಾಕ್‌ಎಂಡ್‌ನ ರೂಪ ತೀರ್ಮಾನಿಸುವುದು ಗುಂಪಿನಲ್ಲಿ ಅತಿ ಹಳೆಯ ಆವೃತ್ತಿ. 2003 ಬಳಸುವವರು ಒಬ್ಬರಿದ್ದರೂ .ಎಂಡಿಬಿ, ಎಲ್ಲರೂ 2007 ಅಥವಾ ನಂತರದವರಾದರೆ .ಎಸಿಸಿಡಿಬಿ. ಆದರೆ ಫೈಲ್ ಹೆಸರಿನ ಬಾಲ ಒಂದೇ ಎಂದು ನಂಬಿ ಕೂರಬೇಡಿ. 2010ರಲ್ಲಿ ಬಂದ ಕ್ಯಾಲ್ಕುಲೇಟೆಡ್ ಫೀಲ್ಡ್ (ಬೇರೆ ಫೀಲ್ಡ್‌ಗಳಿಂದ ಲೆಕ್ಕ ಹಾಕಿಕೊಳ್ಳುವ ಫೀಲ್ಡ್) 2007ರಲ್ಲಿ ಕೆಲಸ ಮಾಡದು. ಹೊಸ ಆವೃತ್ತಿಗಳ, ಬಹುದೊಡ್ಡ ಸಂಖ್ಯೆಗಳಿಗಿರುವ 'ಲಾರ್ಜ್ ನಂಬರ್' ಫೀಲ್ಡ್ ಒಂದನ್ನು ಸೇರಿಸಿದರೂ ಹಳೆಯ ಆಕ್ಸೆಸ್ ಆ ಫೈಲನ್ನೇ ತೆರೆಯುವುದಿಲ್ಲ.

ಹೆಚ್ಚು ತಲೆ ತಿನ್ನುವುದು ರೆಫರೆನ್ಸ್‌ಗಳ, ಅಂದರೆ ಕೋಡ್ ಬಳಸುವ ಹೊರಗಿನ ಲೈಬ್ರರಿಗಳ ಕೊಂಡಿಗಳ ತೊಂದರೆ. ನಿನ್ನೆಯವರೆಗೆ ಸರಿಯಿದ್ದ ಫಾರಂನಲ್ಲಿ ಇದ್ದಕ್ಕಿದ್ದಂತೆ 'ಡೇಟ್', 'ಲೆಫ್ಟ್'ನಂಥ ಸಾದಾ ಫಂಕ್ಷನ್‌ಗಳೇ ದೋಷ ತೋರಿಸುತ್ತವೆ. ತಪ್ಪು ಆ ಸಾಲುಗಳದ್ದಲ್ಲ. ಕೋಡ್‌ನಲ್ಲಿ ಎಕ್ಸೆಲ್ 14.0 (2010ರ) ಲೈಬ್ರರಿಗೆ ರೆಫರೆನ್ಸ್ ಇತ್ತು ಎನ್ನಿ. 2016 ಇರುವವರು ತೆರೆದಾಗ ಆಕ್ಸೆಸ್ ಅದನ್ನು ತಾನಾಗಿ 16.0 ಮಾಡುತ್ತದೆ. ಅದೇ ಫೈಲ್ 2010ಕ್ಕೆ ಮರಳಿದಾಗ ಕೆಳಗಿಳಿಸುವುದಿಲ್ಲ. ವಿಬಿಎ ಎಡಿಟರ್‌ನ ಟೂಲ್ಸ್ > ರೆಫರೆನ್ಸಸ್ ಪಟ್ಟಿಯಲ್ಲಿ 'ಮಿಸ್ಸಿಂಗ್' ಎಂದು ಕಾಣುವುದು ಇದೇ.

ಪರಿಹಾರ ಲೇಟ್ ಬೈಂಡಿಂಗ್: ಲೈಬ್ರರಿಯನ್ನು ಮೊದಲೇ ಜೋಡಿಸದೆ, ಕೋಡ್ ಓಡುವಾಗ ಹುಡುಕಿಕೊಳ್ಳುವುದು. ಆ ರೆಫರೆನ್ಸ್‌ನ ಟಿಕ್ ತೆಗೆದು, ವೇರಿಯಬಲ್‌ಗಳನ್ನು 'ಆಬ್ಜೆಕ್ಟ್' ಎಂದು ಘೋಷಿಸಿ, ಎಕ್ಸೆಲನ್ನು 'ಕ್ರಿಯೇಟ್‌ಆಬ್ಜೆಕ್ಟ್' ಮೂಲಕ ಕರೆಯಿರಿ. ಲೈಬ್ರರಿ ಹೋದ ಮೇಲೆ ಅದರ ಸ್ಥಿರಾಂಕಗಳೂ ಇರುವುದಿಲ್ಲ: 'ಎಕ್ಸ್‌ಎಲ್‌ಅಪ್' ಇದ್ದಲ್ಲಿ -4162 ಎಂದು ಅಂಕಿಯನ್ನೇ ಬರೆಯಬೇಕು. ಮಾಡ್ಯೂಲ್‌ನ ತಲೆಯಲ್ಲಿ 'ಆಪ್ಷನ್ ಎಕ್ಸ್‌ಪ್ಲಿಸಿಟ್' ಇದ್ದು, ಕೊನೆಗೆ ಡಿಬಗ್ > ಕಂಪೈಲ್ ಒತ್ತಿದರೆ ಬಿಟ್ಟುಹೋದವು ಸಿಕ್ಕಿಬೀಳುತ್ತವೆ. ಕೋಡ್ ತಿದ್ದುವುದು, ಕಂಪೈಲ್ ಮಾಡುವುದು ಎರಡೂ ಅತಿ ಹಳೆಯ ಆವೃತ್ತಿಯ ಕಂಪ್ಯೂಟರಿನಲ್ಲೇ ಆಗಲಿ.

32 ಮತ್ತು 64 ಬಿಟ್ ಆಫೀಸ್ ಬೆರೆತಿದ್ದರೆ ವಿಂಡೋಸ್ ಎಪಿಐ (ವಿಂಡೋಸ್‌ನದೇ ಫಂಕ್ಷನ್‌ಗಳು) ಕರೆಯುವ 'ಡಿಕ್ಲೇರ್' ಸಾಲುಗಳಿಗೆ 64 ಬಿಟ್‌ಗೂ ಸರಿ ಎಂದು ಸೂಚಿಸುವ 'ಪಿಟಿಆರ್‌ಸೇಫ್' ಪದ ಬೇಕು. 2007ಕ್ಕೆ ಆ ಪದ ಗೊತ್ತಿಲ್ಲದ ಕಾರಣ ಆ ಪದವಿರುವ, ಇಲ್ಲದ ಎರಡೂ ರೂಪಗಳನ್ನು 'ವಿಬಿಎ7' (2010ರಿಂದ ಬಂದ ವಿಬಿಎ) ಷರತ್ತಿನೊಳಗೆ ಬರೆಯಿರಿ. ಫ್ರಂಟ್‌ಎಂಡನ್ನು .ಎಸಿಸಿಡಿಇ (ಕೋಡ್ ತಿದ್ದಲಾಗದ ರೂಪ) ಮಾಡಿ ಹಂಚುವುದಾದರೆ ಎರಡು ಪ್ರತಿ ತಯಾರಿಸಲೇಬೇಕು. 32 ಬಿಟ್‌ನಲ್ಲಿ ಮಾಡಿದ್ದು 64ರಲ್ಲಿ ತೆರೆಯದು.

ಬ್ಯಾಕ್‌ಎಂಡ್‌ನ ಗರಿಷ್ಠ ಗಾತ್ರ 2 ಜಿಬಿ. ಖಾಲಿ ಜಾಗ ತೆಗೆದು ಫೈಲನ್ನು ಕುಗ್ಗಿಸುವ 'ಕಾಂಪ್ಯಾಕ್ಟ್ ಅಂಡ್ ರಿಪೇರ್' ಆಗಾಗ ಮಾಡಿ, ಆದರೆ ಎಲ್ಲರೂ ಹೊರಬಂದು ಲಾಕ್ ಫೈಲ್ ಮಾಯವಾದ ಮೇಲೆ.