ಓದುಗರ ಪ್ರಶ್ನೆ: ಮಾರಾಟಕ್ಕಿರುವ ಮೈಕ್ರೋಬ್ರೂವರಿ ತಗೊಳ್ಳಬಹುದಾ?

"ಇಂದಿರಾನಗರದಲ್ಲಿ ನಡೆಯುತ್ತಿರುವ ಮೈಕ್ರೋಬ್ರೂವರಿ (ಅಲ್ಲೇ ಬಿಯರ್ ತಯಾರಿಸಿ ಮಾರುವ ಪಬ್) ಮಾರಾಟಕ್ಕಿದೆ. ಶನಿವಾರ ಹೋಗಿ ನೋಡಿದೆವು, ಕೂರಲು ಜಾಗ ಇರಲಿಲ್ಲ. ತಗೊಳ್ಳಬಹುದಾ ಸರ್?"

ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ! ಪ್ರತಿ ಸಲವೂ ಅದೇ ಶನಿವಾರ. ಬೆಂಗಳೂರಲ್ಲಿ ಶನಿವಾರ ರಾತ್ರಿ ಪಬ್ ತುಂಬುವುದು ದೊಡ್ಡ ವಿಷಯವಲ್ಲ. ಬಾಡಿಗೆ, ಸಂಬಳ, ಬಿಯರ್ ತಣ್ಣಗಿಡುವ ಚಿಲ್ಲರ್‌ನ ಕರೆಂಟ್ ಬಿಲ್ಲು ಏಳು ದಿನವೂ ಓಡುತ್ತವೆ ಅಲ್ವಾ? ಮಂಗಳವಾರ ರಾತ್ರಿ ಎಂಟಕ್ಕೆ ಹೋಗಿ. ಸುಮ್ನೆ ಒಂದು ಮೂಲೆಯಲ್ಲಿ ಕೂತು ಎಷ್ಟು ಟೇಬಲ್ ತುಂಬಿವೆ, ಅದರಲ್ಲಿ ಅಲ್ಲೇ ಮಾಡಿದ ಬಿಯರ್ ಕುಡಿಯುವವರು ಎಷ್ಟು, ವಿಸ್ಕಿ ತರಿಸಿಕೊಂಡವರು ಎಷ್ಟು ಅಂತ ಎಣಿಸಿ.

ಆಮೇಲೆ ಟ್ಯಾಂಕುಗಳನ್ನು ಎಣಿಸಿ. ಒಂದು ಕಡೆ ಮಾಲೀಕರು ತಿಂಗಳಿಗೆ 15,000 ಲೀಟರ್ ಬಿಯರ್ ಹೋಗುತ್ತದೆ ಅಂದರು. ಒಳಗೆ ಹೋದರೆ ಸಾವಿರ ಲೀಟರಿನ ನಾಲ್ಕೇ ಫರ್ಮೆಂಟರ್, ಅಂದರೆ ಬಿಯರ್ ಹುದುಗು ಬರಿಸುವ ಟ್ಯಾಂಕ್! ಬಿಯರಲ್ಲಿ ಏಲ್, ಲಾಗರ್ ಅಂತ ಎರಡು ಮುಖ್ಯ ಬಗೆ; ಏಲ್ ತಯಾರಾಗಲು ಸುಮಾರು ಎರಡು ವಾರ ಬೇಕು, ಲಾಗರ್‌ಗೆ ನಾಲ್ಕು ವಾರ ಅಥವಾ ಇನ್ನೂ ಜಾಸ್ತಿ. ಬರೀ ಏಲ್ ಮಾಡಿ, ಒಂದು ದಿನವೂ ಟ್ಯಾಂಕ್ ಖಾಲಿ ಬಿಡದೆ ಓಡಿಸಿದರೂ ತಿಂಗಳಿಗೆ ಹೆಚ್ಚು ಕಡಿಮೆ 8,000 ಲೀಟರ್, ಅದರಲ್ಲೂ ತಳದ ಯೀಸ್ಟ್ ಗಸಿಯ ಜೊತೆ ಒಂದಿಷ್ಟು ಹೋಗುತ್ತದೆ. ಉಳಿದ ಏಳು ಸಾವಿರ ಎಲ್ಲಿಂದ ಬಂತು? ಯಾವಾಗ ಎಷ್ಟು ಬಿಯರ್ ಮಾಡಿದರು ಅಂತ ಬರೆದಿಡುವ ಪುಸ್ತಕ, ಅಂದರೆ ಬ್ರೂ ಲಾಗ್ ಕೇಳಿ. ಅಬಕಾರಿ ಸುಂಕ ಕಟ್ಟಿದ ಚಲನ್ ಕೇಳಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕೊಡಲು ಹಿಂದೆ ಮುಂದೆ ನೋಡಿದರೆ ಅಲ್ಲಿಂದ ಎದ್ದು ಬನ್ನಿ.

ಲೈಸೆನ್ಸ್ ಯಾರ ಹೆಸರಲ್ಲಿದೆ, ಕಟ್ಟಡದ ಲೀಸ್ ಇನ್ನೆಷ್ಟು ವರ್ಷ ಇದೆ ಅನ್ನುವುದನ್ನು ವಕೀಲರಿಗೆ ತೋರಿಸಿ. ಅಬಕಾರಿ ವರ್ಷ ಮುಗಿಯುವುದು ಜೂನ್ 30ಕ್ಕೆ. ಮೇ ತಿಂಗಳಲ್ಲಿ ಮಾತುಕತೆ ನಡೆದರೆ ನವೀಕರಣದ ಶುಲ್ಕ ಯಾರು ಕಟ್ಟುವುದು ಅಂತ ಮೊದಲೇ ತೀರ್ಮಾನವಾಗಲಿ.

ನೀವು ಕೇಳಲಿಲ್ಲ, ಆದರೂ ಮಾಲ್ಟ್ (ಬಿಯರಿಗೆ ಬಳಸುವ, ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಚರಟದ ಬಗ್ಗೆ ಹೇಳಬೇಕು. ಸಾವಿರ ಲೀಟರ್ ಬಿಯರಿಗೆ ಸುಮಾರು 200 ಕೆಜಿ ಮಾಲ್ಟ್ ಬೇಕು. ರಸ ಬಸಿದ ಮೇಲೆ ಉಳಿಯುವ ಒದ್ದೆ ಚರಟ ಅದಕ್ಕಿಂತ ಹೆಚ್ಚೇ ತೂಗುತ್ತದೆ. ಬಿಸಿಬಿಸಿ, ಗಂಜಿಯ ವಾಸನೆ. ಬಿಸಿಲಲ್ಲಿ ಒಂದು ದಿನ ಇಟ್ಟರೆ ಹುಳಿ ನಾತ ಹೊಡೆಯುತ್ತದೆ. ಹಸು ಸಾಕುವವರು ಅದನ್ನು ಮೇವಿಗೆ ಒಯ್ಯುತ್ತಾರೆ. ಹಿಂಬಾಗಿಲಿಗೆ ಟೆಂಪೋ ತರುವ ಆ ಅಣ್ಣನನ್ನು ಮಾತಾಡಿಸಿ, ವಾರಕ್ಕೆ ಎಷ್ಟು ಸಲ ಬರುತ್ತೀರಿ ಅಂತ ಕೇಳಿ. ಮಾಲೀಕರು ಹೇಳಿದ ಲೀಟರ್ ಲೆಕ್ಕಕ್ಕೆ ಅದು ತಾಳೆಯಾಗಬೇಕು.